ರಾಶಿಯೊಳಗಿನ ಕೋಟು

ಗಾಜಿನ ಕಾರ್ಖಾನೆಯಲ್ಲಿ ಮುಷ್ಕರ ಶುರುವಾದ ಮೇಲೆ ಆ ಮನೆಯಲ್ಲಿ ಸಂಬಳ ಅನ್ನುವ ಮಾತೇ ನಿಂತಿತ್ತು. ಇಬ್ಬರು ಗಂಡುಮಕ್ಕಳೂ ಅದೇ ಕಾರ್ಖಾನೆಯವರು. ದೊಡ್ಡವನು ಕುಲುಮೆಯ ಬಾಯಲ್ಲಿ ನಿಂತು ಕರಗಿದ ಗಾಜು ಎತ್ತುವವನು. ಚಿಕ್ಕವನು ತಣ್ಣಗಾದ ಬಾಟಲಿಗಳನ್ನು ಹುಲ್ಲು ಹಾಕಿ ಪೆಟ್ಟಿಗೆಗೆ ತುಂಬುವವನು. ಈಗ ಒಲೆ ಉರಿಯುತ್ತಿದ್ದದ್ದು ಹಿರಿಸೊಸೆಯ ಹೊಲಿಗೆ ಮಷಿನ್ನಿನಿಂದ.

ಗಂಡುಮಕ್ಕಳ ತಾಯಿ, ಆ ಮುದುಕಿ, ವಾರಕ್ಕೊಂದು ಸಲ ಬಸ್ ನಿಲ್ದಾಣದ ಹಿಂದಿನ ಹಳೇಬಟ್ಟೆ ಬಜಾರಿಗೆ ಹೋಗುತ್ತಿದ್ದಳು. ಯಾರೋ ಹಾಕಿ ಬಿಟ್ಟ ಅಂಗಿ, ಪ್ಯಾಂಟು, ಪರದೆ, ಹಾಸುಬಟ್ಟೆ, ಒಂದೊಂದನ್ನೂ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ತಿಕ್ಕಿ, ಮೂಸಿ, “ಇದಕ್ಕಿನ್ನೂ ಜೀವ ಇದೆ” ಅಂದರೆ ಅದು ಗಂಟಿಗೆ. ಗಂಟು ಮನೆಗೆ ಬಂದು ಮುಂದಿನ ಕೋಣೆಯ ಬಾಗಿಲ ಹಿಂದೆ ರಾಶಿಯಾಗುತ್ತಿತ್ತು. ರಾಶಿ ಡ್ರಮ್ಮಿನ ಬಿಸಿನೀರಿಗೆ, ಅಲ್ಲಿಂದ ಹಗ್ಗಕ್ಕೆ, ಹಗ್ಗದಿಂದ ಕಿರಿಸೊಸೆಯ ತೊಡೆಯ ಮೇಲಕ್ಕೆ. ತುಂಬು ಬಸುರಿಯಾದ ಅವಳು ಗೋಡೆಗೆ ಒರಗಿ ಕೂತು ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತಿದ್ದಳು. ಹಿರಿಸೊಸೆ ಕತ್ತರಿಸಿ ಹೊಲಿಯುತ್ತಿದ್ದಳು. ಪರದೆ ಹೋಗಿ ಫ್ರಾಕಾಗುತ್ತಿತ್ತು, ಪ್ಯಾಂಟು ಹೋಗಿ ಶಾಲೆಯ ಚೀಲವಾಗುತ್ತಿತ್ತು, ದೊಡ್ಡವರ ಅಂಗಿಯ ಬೆನ್ನಲ್ಲಿ ಎರಡು ಕೂಸಿನಂಗಿ ಹುಟ್ಟುತ್ತಿದ್ದವು.

ರಾಶಿಗೆ ಬಿದ್ದದ್ದನ್ನು ಯಾರದ್ದು, ಯಾಕೆ ಅಂತ ಕೇಳುವ ಪದ್ಧತಿ ಇರಲಿಲ್ಲ. ಮುದುಕಿಯ ಗಂಡ ಬದುಕಿದ್ದಾಗ ಒಂದು ಸಲ ಸ್ನಾನಕ್ಕೆ ಹೋಗುವಾಗ ಒಳ್ಳೆಯ ಪ್ಯಾಂಟನ್ನು ಅದರ ಮೇಲೆ ಬಿಸಾಕಿ ಹೋಗಿದ್ದರು. ಬರುವಷ್ಟರಲ್ಲಿ ಒಂದು ಕಾಲು ಚೀಲವಾಗಿತ್ತು. ಮದುವೆಮನೆಗೆ ಲುಂಗಿಯಲ್ಲೇ ಹೋದರು.

ಅವತ್ತು ದೊಡ್ಡವನು ಮಧ್ಯಾಹ್ನ ಊಟಕ್ಕೆ ಬಂದಾಗ ಮುಖದಲ್ಲಿ ಗೆಲುವಿತ್ತು.

“ವ್ಯಾನಿನ ಗಾಜು ಪುಡಿ ಪುಡಿ,” ಅಂದ, ತಟ್ಟೆ ಎಳೆದುಕೊಳ್ಳುತ್ತ. “ಒಳಗಿದ್ದ ಒಬ್ಬ ಕಳ್ಳನನ್ಮಗ ಹೆಂಗೆ ಕಿರುಚಿದ ಅಂತೀಯ. ಕಲ್ಲು ನಂದೇ.”

“ನಿಂದೇ ಅಂತ ಹೆಂಗೆ ಗೊತ್ತು? ಕಲ್ಲಿನ ಮೇಲೆ ಹೆಸರು ಬರೆದಿದ್ದೆಯಾ?” ಅಂದಳು ಮುದುಕಿ.

“ನನ್ನ ಗುರಿ ನನಗೆ ಗೊತ್ತಿಲ್ವೇನಮ್ಮ.”

ಆ ವ್ಯಾನು ದಿನಾ ಬೆಳಿಗ್ಗೆ ಕಿಟಕಿಗೆ ಪರದೆ ಎಳೆದುಕೊಂಡು ಬರುತ್ತಿತ್ತು. ಮುಷ್ಕರ ಮುರಿದು ಕೆಲಸಕ್ಕೆ ಹೋಗುವವರನ್ನು ಹೊತ್ತು ನೇರ ಗೇಟಿನೊಳಗೆ ನುಗ್ಗುತ್ತಿತ್ತು. ಒಳಗೆ ಯಾರಿದ್ದಾರೆ ಅಂತ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಓಣಿಯಲ್ಲಿ ಅಂಥವರಿಗೆ ‘ಒಳಗೋದವನು’ ಅಂತ ಹೆಸರು. ಆ ಹೆಸರು ಬಿದ್ದವನ ಮನೆಗೆ ನೀರಿನವನೂ ಬರುತ್ತಿರಲಿಲ್ಲ.

ದೊಡ್ಡವನು ಕೈ ತೊಳೆದು ಮತ್ತೆ ಹೊರಟುಹೋದ. ಸಂಜೆ ಚಿಕ್ಕವನು ಬಂದ. ಮುಷ್ಕರದಲ್ಲಿ ಸುಮ್ಮನೆ ಕೂರುವುದು ಬೇಡ ಅಂತ ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತೇನೆ ಅಂದವನು ಅವನು. ಕಿವಿಗೆ ಟವೆಲು ಒತ್ತಿ ಹಿಡಿದಿದ್ದ. ಟವೆಲು ಕೆಂಪಾಗಿತ್ತು.

“ಸೈಕಲ್ಲಿಂದ ಬಿದ್ದೆ.”

“ಸೈಕಲ್ಲೆಲ್ಲಿ?”

“ರಿಪೇರಿಗೆ ಬಿಟ್ಟಿದ್ದೀನಿ.”

ಮುದುಕಿ ಅವನನ್ನು ಹೊಸ್ತಿಲ ಮೇಲೆ ಕೂರಿಸಿ ಗಾಯ ತೊಳೆದಳು. ಎಡಗಿವಿಯ ಹಿಂದೆ ಮಾಂಸದಲ್ಲಿ ಗಾಜಿನ ಚೂರು ಸಿಕ್ಕಿತು. ಉಗುರಿನಿಂದ ಕಿತ್ತು ಅಂಗೈಮೇಲೆ ಇಟ್ಟು ನೋಡಿದಳು.

“ರಸ್ತೇಲಿ ಗಾಜಿತ್ತೇನೋ?”

“ಇತ್ತಮ್ಮ.”

ಅವಳು ಚೂರನ್ನು ಕಾಗದದಲ್ಲಿ ಸುತ್ತಿ ಚರಂಡಿಗೆ ಎಸೆದಳು. ಮತ್ತೆ ಕೇಳಲಿಲ್ಲ.

ಅವನ ಚೀಲದಲ್ಲಿ ಕಾರ್ಖಾನೆಯವರು ಒಳಗೆ ಬಂದವರಿಗೆಂದೇ ಹೊಸದಾಗಿ ಕೊಟ್ಟ ಸಾಸಿವೆ ಬಣ್ಣದ ದಪ್ಪ ಕೋಟಿತ್ತು. ಬೆನ್ನ ಮೇಲೆ ಬಿಳಿ ಬಣ್ಣದ ನಂಬರು, ಕಾಲರಿನ ಮೇಲೆ ರಕ್ತ. ಎರಡೇ ಕೋಣೆಯ ಮನೆ. ಟ್ರಂಕು ಎಲ್ಲರದ್ದು, ಮಂಚದ ಕೆಳಗೆ ಅಮ್ಮನ ಪಾತ್ರೆ. ನಾಳೆ ಬೆಳಿಗ್ಗೆ ತೆಗೆದುಕೊಂಡರಾಯಿತು ಅಂತ ಅವನು ಕೋಟನ್ನು ಬಾಗಿಲ ಹಿಂದಿನ ರಾಶಿಯ ಹೊಟ್ಟೆಯೊಳಕ್ಕೆ ತುರುಕಿದ.

ಬೆಳಿಗ್ಗೆ ಎದ್ದಾಗ ರಾಶಿ ಇರಲಿಲ್ಲ. ಹಿತ್ತಲಲ್ಲಿ ಡ್ರಮ್ಮು ಹೊಗೆಯಾಡುತ್ತಿತ್ತು. ಸೋಪಿನ ನೊರೆಯ ನಡುವೆ ಸಾಸಿವೆ ಬಣ್ಣದ ಒಂದು ತೋಳು ತೇಲುತ್ತಿತ್ತು.

“ಏನೋ, ಸ್ನಾನದ ನೀರು ಅಂದ್ಕೊಂಡೆಯಾ? ಹಂಗೆ ನೋಡ್ತಿದ್ದೀಯ?” ಅಂದಳು ಹಿರಿಸೊಸೆ.

“ಏನಿಲ್ಲ ಅತ್ತಿಗೆ.”

“ಏನಿಲ್ಲ ಅಂದ್ರೆ ಈ ಕೋಲು ಹಿಡಿ. ನನ್ನ ರಟ್ಟೆ ಬಿದ್ದೋಯ್ತು.”

ಅವನು ಕೋಲು ಹಿಡಿದು ತನ್ನ ಕೋಟನ್ನು ತಾನೇ ತಿರುವಿದ. ಕತ್ತರಿಗೆ ಬಿದ್ದರೆ ಇದರ ಗುರುತು ಹೆತ್ತವರಿಗೂ ಸಿಗುವುದಿಲ್ಲ ಅಂದುಕೊಂಡ. ಕಾರ್ಖಾನೆಯಲ್ಲಿ ಕಳೆದುಹೋಯಿತು ಅಂತ ಹೇಳಿ ಬೇರೊಂದು ಕೋಟು ಇಸಿದುಕೊಂಡ. ಅದನ್ನು ಮನೆಗೆ ತರಲಿಲ್ಲ.

ಆದರೆ ಹಿರಿಸೊಸೆ ಆ ಕೋಟನ್ನು ಚೂರು ಮಾಡಲಿಲ್ಲ.

“ಅತ್ತೆ, ಇದು ನೀವು ಆರಿಸಿದ್ದಾ? ಹೊಸದರ ಹಾಗಿದೆ.”

“ನೆನಪಿಲ್ಲಮ್ಮ. ಗಂಟಲ್ಲಿ ಬಂದಿರುತ್ತೆ. ಚೆನ್ನಾಗಿದ್ರೆ ಎರಡು ಚೀಲ ಮಾಡು, ಗಟ್ಟಿ ಬರುತ್ತೆ.”

“ಚೀಲ ಬೇಡ. ಇವರಿಗೊಂದು ಜಾಕೀಟು ಮಾಡ್ತೀನಿ. ಬೆಳಗಿನ ಚಳೀಲಿ ಗೇಟಲ್ಲಿ ನಿಂತು ನಿಂತು ಎದೆ ಗೊರಗೊರ ಅಂತಿದೆ.”

“ಮಾರೋ ಬಟ್ಟೆ ಗಂಡನ ಮೈಗೆ ಹಾಕ್ತೀಯಾ?”

“ನಿಮ್ಮ ಮಗನ ಮೈಗೂ ಹೌದಲ್ವಾ ಅತ್ತೆ.”

ಮುದುಕಿ ಮುಂದಿನ ಬಟ್ಟೆ ಎತ್ತಿಕೊಂಡಳು.

ಕಿರಿಸೊಸೆ ಹೊಲಿಗೆ ಪೂರಾ ಬಿಚ್ಚಿದಳು. ಬೆನ್ನಿನ ನಂಬರನ್ನು ಸೀಮೆಎಣ್ಣೆ ಹಾಕಿ ಉಜ್ಜಿದರೂ ಅದು ಜಪ್ಪೆನ್ನಲಿಲ್ಲ. ಹಳೇಬಟ್ಟೆಯಲ್ಲಿ ಇಂಥ ನಂಬರು ಎಷ್ಟೋ ಬರುತ್ತವೆ. ಆಸ್ಪತ್ರೆಯದ್ದು, ಹೋಟೆಲಿನದ್ದು, ಯಾವುದೋ ಊರಿನ ಮಿಲ್ಲಿನದ್ದು. ಅದಕ್ಕಿರುವ ಉಪಾಯವೇ ಮಗುಚಿ ಹೊಲಿಯುವುದು. ಬಟ್ಟೆಯ ಹೊರಮೈ ಒಳಗೆ, ಒಳಮೈ ಹೊರಗೆ. ಹಿರಿಸೊಸೆ ತುಂಡುಗಳನ್ನೆಲ್ಲ ಕಪ್ಪು ಬಣ್ಣದ ಪುಡಿ ಹಾಕಿದ ನೀರಲ್ಲಿ ಕುದಿಸಿ, ಮಗುಚಿ, ತೋಳನ್ನು ಮೊಣಕೈಗೆ ನಿಲ್ಲಿಸಿ, ತೆಗೆದ ಬಟ್ಟೆಯಲ್ಲಿ ಎರಡು ಜೇಬು ಇಟ್ಟು ಹೊಲಿದಳು. ಬಟ್ಟೆ ಕಪ್ಪಾಯಿತು. ಬಿಳಿ ಬಣ್ಣಕ್ಕೆ ಆ ಕಪ್ಪು ಹಿಡಿಯಲಿಲ್ಲ. ನಂಬರು ಮೊದಲಿಗಿಂತ ಎದ್ದು ಕಂಡಿತು, ಆದರೆ ಒಳಗಡೆ.

ಊಟದ ಹೊತ್ತಿಗೆ ದೊಡ್ಡವನು ಅದನ್ನು ಹಾಕಿಕೊಂಡು ಕೋಣೆಯಲ್ಲಿ ಎರಡು ಸುತ್ತು ಹೊಡೆದ. ಆಮೇಲೆ ಬಿಚ್ಚಿ ಒಳಗನ್ನು ತೋರಿಸಿ ನಕ್ಕ.

“ಯಾವ ಜೈಲಿನದ್ದೇ ಇದು? ಒಳಗಿದ್ದವನು ಬಿಡುಗಡೆಯಾದನೋ, ಸತ್ತನೋ?”

“ಬೆಚ್ಚಗಿದೆಯೋ ಇಲ್ವೋ ಅಷ್ಟು ಹೇಳಿ.”

“ಬೆಚ್ಚಗೇನು, ಕುಲುಮೆ ಕಣೇ. ಏನೋ ತಮ್ಮ, ಹೆಂಗಿದೆ?”

ಚಿಕ್ಕವನು ನಂಬರು ನೋಡಿದ. 

“ಚೆನ್ನಾಗಿದೆ ಅಣ್ಣ,” ಅಂದ. ನೀರು ಕುಡಿದು ಎದ್ದುಹೋದ.

ಮುಂದಿನ ವಾರ ಗೇಟು ಕಾಯುತ್ತಿದ್ದ ಮುಷ್ಕರದವರಿಗೆ ಒಳಗೋದವನೊಬ್ಬ ಸಿಕ್ಕಿಬಿದ್ದ. ವ್ಯಾನಿಂದ ಇಳಿದು ಚೀಲ ಬಗಲಲ್ಲಿಟ್ಟುಕೊಂಡು ಸಂದಿಯಲ್ಲಿ ಹೋಗುತ್ತಿದ್ದವನನ್ನು ಹಿಡಿದು ಗೋಡೌನಿನ ಹಿಂದಕ್ಕೆ ಎಳೆದರು. ಸಂಜೆ ದೊಡ್ಡವನು ಮನೆಗೆ ಬಂದು ಕೈ ತೊಳೆಯಲು ನಿಂತವನು ತೊಳೆಯುತ್ತಲೇ ಇದ್ದ.

“ನೀರೆಲ್ಲ ನಿಮ್ಮ ಕೈಗೇ ಆಯ್ತು,” ಅಂದಳು ಹೆಂಡತಿ. “ಏನಾಯ್ತು?”

“ಒಬ್ಬನಿಗೆ ಬುದ್ಧಿ ಕಲಿಸಿದ್ವಿ. ಇನ್ನು ಬಾಟಲಿ ಮುಟ್ಟಲ್ಲ ಅವನು. ಪೆಟ್ಟಿಗೆ ಹಲಗೇಲಿ ಬೆರಳು ಜಜ್ಜಿದ್ರು. ಹಲಗೆ ಹಿಡಿದಿದ್ದು ಕುಲುಮೆ ಭೀಮ. ನಾನು ಮಣಿಕಟ್ಟು ಹಿಡ್ಕೊಂಡಿದ್ದೆ, ಅಷ್ಟೇ. ಆ ಕಡೆ ಉಳಿದವರು ಅವನ ಚೀಲ ಸುಟ್ಟರು.”

“ಅಷ್ಟೇನಾ?” ಗೋಡೆ ಪಕ್ಕದಿಂದ ಚಿಕ್ಕವನು ಎದ್ದ. “ಅವನಿಗೂ ಹೆಂಡ್ತಿ ಇರ್ತಾಳೆ. ಬೆಳಗಾದ್ರೆ ಅವನ ಬಾಯಿಗೆ ಅನ್ನ ಯಾರು ಹಾಕ್ತಾರೆ?”

“ಒಳಗೋದಾಗ ಅದು ಗೊತ್ತಿರ್ಲಿಲ್ವಾ ಅವನಿಗೆ?”

“ಮಣಿಕಟ್ಟು ಹಿಡ್ಕೊಂಡಿದ್ನಂತೆ! ನೀವೆಲ್ಲ ಕಟುಕರು.”

ದೊಡ್ಡವನು ಒದ್ದೆ ಕೈಯಲ್ಲೇ ಹೊಡೆದ. ಚಿಕ್ಕವನ ಹಳೆಯ ಗಾಯ ಬಿಚ್ಚಿ ಕತ್ತಿನ ಮೇಲೆ ರಕ್ತ ಇಳಿಯಿತು. ಎರಡನೇ ಏಟಿಗೆ ಕೈ ಎತ್ತುವಷ್ಟರಲ್ಲಿ ಮುದುಕಿ ಅನ್ನದ ಸೌಟು ಹಿಡಿದು ನಡುವೆ ನಿಂತಿದ್ದಳು.

“ನನ್ನ ಮನೇಲಿ ಅವರ ಪರ ಮಾತಾಡ್ತಾನಮ್ಮ ಇವನು!”

“ನಿನ್ನ ಮನೆಯಂತೆ. ಬಾಡಿಗೆ ಕಟ್ಟೋದು ಅವಳ ಮಷಿನ್ನು. ಕೂತ್ಕೊಂಡು ಉಣ್ಣು.”

ಅವತ್ತು ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ. ಕಿರಿಸೊಸೆ ಗಂಡನ ಕತ್ತು ಒರೆಸುತ್ತ, “ನಾಳೆ ಹೋಗಬೇಡಿ,” ಅಂದಳು ಮೆಲ್ಲಗೆ. ಅವನು ಒಳಗೆ ಹೋಗುವುದು ಅವಳಿಗೆ ಗೊತ್ತಿತ್ತು. “ಕೂಸು ಬರೋದ್ರೊಳಗೆ ಕೆಲಸ ಕಾಯಂ ಮಾಡ್ತೀವಿ ಅಂದಿದ್ದಾರೆ,” ಅಂದ ಅವನು ಅಷ್ಟೇ ಮೆಲ್ಲಗೆ. ಇದೇ ಮಾತು ಅವರಿಬ್ಬರ ನಡುವೆ ದಿನಾ ನಡೆಯುತ್ತಿತ್ತು.

ಮಾರನೇ ಬೆಳಿಗ್ಗೆ ಗೇಟಿನ ಮುಂದೆ ಡಾಂಬರಿನ ಡಬ್ಬಿಯಲ್ಲಿ ಬೆಂಕಿ ಹಾಕಿಕೊಂಡು ಎಲ್ಲರೂ ಸುತ್ತ ನಿಂತಿದ್ದರು. ದೊಡ್ಡವನು ಬೆಂಕಿಯ ಕಾವಿಗೆ ಸೆಖೆಯಾಗಿ ಜಾಕೀಟು ಬಿಚ್ಚಿದ. ಬಿಚ್ಚುವಾಗ ಅದು ಒಳಗು ಹೊರಗಾಯಿತು. ಹಾಗೆಯೇ ಲೈಟು ಕಂಬದ ಮೊಳೆಗೆ ತೂಗುಹಾಕಿದ.

ಮುಷ್ಕರದ ಮುಂದಾಳನ್ನು ಎಲ್ಲರೂ ಬೋಳಣ್ಣ ಅನ್ನುತ್ತಿದ್ದರು. ಹಿಂದಿನ ದಿನ ಸಿಕ್ಕಿಬಿದ್ದವನ ಚೀಲ ತೆಗೆದು ಕೋಟು ಸುಟ್ಟವನು ಅವನೇ. ಕೋಟಿನ ಬೆನ್ನಿನ ನಂಬರನ್ನು, ಅದರ ಅಚ್ಚನ್ನು, ಬೆಂಕಿಯಲ್ಲಿ ಅದು ಗುಳ್ಳೆಯೆದ್ದದ್ದನ್ನು ನೋಡಿದ್ದ. ಈಗ ಅವನು ಚಹಾದ ಲೋಟ ಕೆಳಗಿಟ್ಟು ಕಂಬದ ಹತ್ತಿರ ಹೋದ. ಜಾಕೀಟಿನ ಜೇಬು ಬಿಡಿಸಿ ಹೊಲಿಗೆಯ ಸಂದಿ ನೋಡಿದ. ಕಪ್ಪು ಹಿಡಿಯದ ಮೂಲೆಯಲ್ಲಿ ಸಾಸಿವೆ ಬಣ್ಣ ಇಣುಕುತ್ತಿತ್ತು.

“ಇದು ಯಾರದು?”

“ನಂದು ಬೋಳಣ್ಣ. ನನ್ನ ಹೆಂಡ್ತಿ ಹೊಲಿದಿದ್ದು.”

“ಬಟ್ಟೆ ಎಲ್ಲಿಂದ ಬಂತು?”

“ರಾಶಿಯಿಂದ. ಹಳೇಬಟ್ಟೆ ರಾಶಿ.”

“ಮೊನ್ನೆ ಮೊನ್ನೆ ಕೊಟ್ಟ ಕೋಟು ಹಳೇಬಟ್ಟೆ ರಾಶಿಗೆ ಹೆಂಗೋ ಬಂತು? ಬಣ್ಣ ಬೇರೆ ಹಾಕಿಸಿದ್ದೀಯ!”

ಅವನು ಬಾಯಿ ತೆರೆದ. ಉತ್ತರ ಬರುವ ಮೊದಲೇ ಹಿಂದಿನಿಂದ ಸೊಂಟಕ್ಕೆ ಒದೆ ಬಿತ್ತು. ಬೆಂಕಿಯ ಡಬ್ಬಿ ಉರುಳಿ ಕೆಂಡ ರಸ್ತೆಗೆ ಚೆಲ್ಲಿತು. “ರಾತ್ರಿ ಒಳಗೆ, ಬೆಳಿಗ್ಗೆ ನಮ್ಮ ಜೊತೆ ಬೆಂಕಿ ಕಾಯಿಸ್ತೀಯಾ?” ಅಂತ ಯಾರೋ ಕೂಗಿದರು. ಚಪ್ಪಲಿ, ಕೋಲು, ಮುಷ್ಟಿ. ಜೊತೆಯಲ್ಲಿ ಒಂದೇ ಬೀಡಿ ಹಂಚಿಕೊಂಡವರು ಅವನ ಮುಖವನ್ನು ಮಣ್ಣಿಗೆ ಒತ್ತಿದರು. ಎರಡು ಹಲ್ಲು ಅಲ್ಲೇ ಬಿದ್ದವು. ಇಬ್ಬರು ಅವನ ಬಲಗೈಯನ್ನು ಕಾಲುದಾರಿಯ ಕಲ್ಲಿನ ಮೇಲೆ ಚಾಚಿ ಹಿಡಿದರು. ಭೀಮ ಹಲಗೆ ತಂದ.

“ಭೀಮಣ್ಣ, ನಾನು ಕಣೋ! ನಿನ್ನ ಪಕ್ಕದಲ್ಲಿ ನಿಂತಿದ್ದೋನು ಕಣೋ!”

“ಅದಕ್ಕೇ,” ಅಂದ ಭೀಮ.

ಮೂಳೆ ಡಾಕ್ಟರು ಕಟ್ಟು ಹಾಕಿ, ಬೆರಳು ಮೊದಲಿನ ಹಾಗೆ ಮಡಚುವುದಿಲ್ಲ ಅಂದರು. ಕುಲುಮೆಯ ಕಬ್ಬಿಣದ ಕೊಳವೆ ಹಿಡಿಯುವುದಂತೂ ಮರೆತುಬಿಡಿ ಅಂದರು. ಹೊರಗಿನ ಬೆಂಚಿನ ಮೇಲೆ ದೊಡ್ಡವನು ಹೆಂಡತಿಯ ಪಕ್ಕ ಕೂತ. ತುಟಿ ಊದಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

“ಆ ಕೋಟಿನ ಮೇಲೆ ರಕ್ತ ಇತ್ತಾ?”

“ಇತ್ತು. ಕಾಲರಿಗೆ. ಹಳೇಬಟ್ಟೇಲಿ ಇರುತ್ತಲ್ಲ.”

“ಯಾವ ಕಡೆ?”

ಅವಳು ತನ್ನ ಕತ್ತನ್ನೇ ಮುಟ್ಟಿಕೊಂಡು ನೆನಪು ಮಾಡಿಕೊಂಡಳು. “ಎಡಗಡೆ.” ಹೇಳುತ್ತಿದ್ದಂತೆ ಅವಳ ಕೈ ಕಿವಿಯ ಹಿಂದೆ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಸಂಜೆ ಬೋಳಣ್ಣ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

“ಜನ ನಿನ್ನ ಮನೆ ಸುಡ್ತೀವಿ ಅಂತಿದ್ದಾರೆ. ಇಷ್ಟು ವರ್ಷದ ಮುಖ ನೋಡಿ ನಾನು ತಡೆದಿದ್ದೀನಿ. ಕೋಟು ನಿಂದಲ್ಲ ಅಂದ್ರೆ ಯಾರದು ಅಂತ ನಾಳೆ ಬೆಳಿಗ್ಗೆ ಗೇಟಿಗೆ ಬಂದು ಹೇಳು. ಹೇಳಿದ್ರೆ ನೀನು ನಮ್ಮವನು. ಹೇಳ್ಲಿಲ್ಲ ಅಂದ್ರೆ ನೀನೇ ಒಳಗೋದವನು. ಸಾಯೋವರೆಗೂ.”

ಅವನು ಹೋದ ಮೇಲೆ ದೊಡ್ಡವನು ಗೋಡೆಗೆ ಒರಗಿದ್ದ ತಮ್ಮನ ಮುಂದೆ ಹೋಗಿ ನಿಂತ.

“ನೀನು ಬರ್ತೀಯ ನನ್ನ ಜೊತೆ. ನೀನೇ ಹೇಳ್ತೀಯ.”

“ಹೇಳಿದ್ರೆ ಕೊಲ್ತಾರೆ ಅಣ್ಣ.”

“ನಾನು ಬದುಕಿದ್ದೀನಲ್ಲ.”

“ಭಾವ,” ಕಿರಿಸೊಸೆ ಹೊಟ್ಟೆ ಹಿಡಿದುಕೊಂಡು ಏಳಲು ನೋಡಿದಳು, “ನಿಮ್ಮ ಕಾಲಿಗೆ ಬೀಳ್ತೀನಿ. ದಿನ ತುಂಬಿದೆ ನನಗೆ.”

“ನೀನು ಕೂರಮ್ಮ. ನೀನು ನನ್ನ ಮುಂದೆ ಏಳಬೇಡ.” ಅವನು ತಮ್ಮನ ಕಡೆಗೇ ನೋಡುತ್ತಿದ್ದ. “ಒಳಗೆ ಹೋದೆ. ಆಯ್ತು. ಕೂಸಿಗೆ ಅಂತ ಹೋದೆ, ಅದೂ ಆಯ್ತು. ಆದ್ರೆ ಆ ನಂಬರು ನೋಡಿದ್ಯಲ್ಲೋ. ಈ ಕೋಣೇಲಿ ತೋರಿಸಿದೆ ನಾನು. ಹಾಕ್ಕೊಬೇಡ ಅಣ್ಣ ಅಂತ ಒಂದು ಮಾತು ಅನ್ನೋಕಾಗ್ಲಿಲ್ವಾ? ಚೆನ್ನಾಗಿದೆ ಅಂದೆ!”

“ಯಾಕೆ ಅಂತ ನೀನು ಕೇಳ್ತಿದ್ದೆ. ನನ್ನ ಬೆರಳೂ ಜಜ್ಜಿಸ್ತಿದ್ದೆ. ಮಣಿಕಟ್ಟು ಹಿಡ್ಕೊಳ್ಳೋಕೆ ನೀನೇ ಇದ್ಯಲ್ಲ!”

ದೊಡ್ಡವನು ಎಡಗೈಯಿಂದ ಅವನ ಕೊರಳಪಟ್ಟಿ ಹಿಡಿದ. ಚಿಕ್ಕವನು ಎರಡೂ ಕೈ ಎತ್ತಿ ಎದೆಗೆ ನೂಕಿದ. ನೂಕಿದ ರಭಸಕ್ಕೆ ದೊಡ್ಡವನು ಹಿಂದಕ್ಕೆ ಮಷಿನ್ನಿನ ಕಬ್ಬಿಣದ ಕಾಲಿನ ಮೇಲೆ, ಕಟ್ಟು ಹಾಕಿದ ಕೈ ಕೆಳಗಾಗಿ ಬಿದ್ದ. ಆ ಕೂಗು ಓಣಿಯ ಕೊನೆಯವರೆಗೂ ಕೇಳಿಸಿತು. ಬಿದ್ದವನನ್ನು ಎತ್ತುವ ಬದಲು ಚಿಕ್ಕವನು ಕಾಲೆತ್ತಿದ. ಒದ್ದನೋ, ದಾಟಿಹೋಗಲು ಎತ್ತಿದನೋ, ನೋಡುವ ಪುರುಸೊತ್ತು ಹಿರಿಸೊಸೆಗೆ ಇರಲಿಲ್ಲ. ಮಷಿನ್ನಿನ ಮೇಲಿದ್ದ ದೊಡ್ಡ ಕತ್ತರಿ ಅವಳ ಕೈಯಲ್ಲಿತ್ತು. ಅವನ ಮುಂಗೈಯಿಂದ ಮೊಣಕೈವರೆಗೆ ಬಟ್ಟೆ ಸೀಳಿದ ಹಾಗೆ ಸೀಳಿತು.

“ಅತ್ತಿಗೆ!”

“ಅತ್ತಿಗೆ ಅನ್ನಬೇಡ! ಇನ್ನೊಂದು ಹೆಜ್ಜೆ ಇಟ್ಟರೆ ಇದನ್ನ ಹೊಟ್ಟೆಗೆ ಹಾಕ್ತೀನಿ. ನನ್ನ ಕೈಯಲ್ಲೇ ಹೊಲಿಸಿದೆಯಲ್ಲೋ! ನನ್ನ ಗಂಡನ ಕೈ ಮುರಿಯೋ ಬಟ್ಟೇನ ನನ್ನ ಕೈಯಲ್ಲೇ ಹೊಲಿಸಿದೆಯಲ್ಲೋ!”

ರಕ್ತ ರಾಶಿಯ ಮೇಲೆ, ಅರ್ಧ ಹೊಲಿದ ಫ್ರಾಕಿನ ಮೇಲೆ ಹನಿಯಿತು. ಕಿರಿಸೊಸೆ ಕಿರುಚುತ್ತಿದ್ದಳು.  ಮುದುಕಿ ಹಿರಿಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತರಿ ತೆಗೆದುಕೊಂಡಳು. ಒಂದು ಹಾಸುಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಉದ್ದಕ್ಕೆ ಹರಿದು ಚಿಕ್ಕವನ ಕೈಗೆ ಬಿಗಿಯಾಗಿ ಸುತ್ತಿದಳು. ಆಮೇಲೆ ಹಿರಿಮಗನನ್ನು ಬಗಲಿಗೆ ಕೈ ಕೊಟ್ಟು ಎಬ್ಬಿಸಿದಳು. ಅವನ ಕಟ್ಟಿನ ಮೇಲೆ ಕೆಂಪು ಒಸರುತ್ತಿತ್ತು.

ಬೆಳಕು ಹರಿದ ಮೇಲೆ ಅವಳು ಚಿಕ್ಕವನನ್ನು ಹಿತ್ತಲಿಗೆ ಕರೆದಳು.

“ನಾನು ಗೇಟಿಗೆ ಹೊರಟೆ. ಅಲ್ಲಿ ಹೋಗಿ ನಿನ್ನ ಹೆಸರು ಹೇಳ್ತೀನಿ. ಮುದುಕಿ ಕಾಲು, ನಿಧಾನ ಆಗುತ್ತೆ. ಅಷ್ಟರಲ್ಲಿ ಅವಳನ್ನ ಕರ್ಕೊಂಡು ಅವಳ ತಾಯಿ ಮನೆಗೆ ಹೋಗಿಬಿಡು.”

“ಅಮ್ಮಾ, ನೀನೇ ಹೇಳ್ತೀಯಾ?”

“ಅವನು ಬಾಯಿ ಬಿಡಲ್ಲ. ಹೇಳಬೇಕಾದ ನೀನು ಹೇಳಲ್ಲ. ಇನ್ಯಾರು ಹೇಳ್ಬೇಕು, ಮಷಿನ್ನಾ?”

“ನಾನೂ ನಿನ್ನ ಮಗ ಅಲ್ವಾ?”

“ಅದಕ್ಕೇ ಮೊದಲು ನಿನಗೆ ಹೇಳಿ ಹೊರಟಿದ್ದೀನಿ.”

ದಾರಿಯಲ್ಲಿ ಅವಳು ಎರಡು ಕಡೆ ಕೂತಳು. ಕಾಲು ನೋಯುತ್ತಿರಲಿಲ್ಲ.

ಗೇಟಿನ ಮುಂದೆ ಗಂಡಸರು ದಾರಿ ಬಿಟ್ಟರು. ಬೋಳಣ್ಣ ಎದ್ದು ನಿಂತ.

“ನೀವ್ಯಾಕೆ ಬಂದ್ರಿ ಅಮ್ಮ? ಅವನು ಬರ್ಲಿ.”

“ಅವನಿಗೆ ಏಳೋಕಾಗಲ್ಲ. ಏಳದ ಹಾಗೆ ನೀವೇ ಮಾಡಿದ್ದೀರಿ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಕೋಟು ನನ್ನ ಚಿಕ್ಕ ಮಗನದ್ದು. ಒಳಗೋದವನು ಅವನು. ರಾಶೀಲಿ ಬಚ್ಚಿಟ್ಟ. ನನ್ನ ಸೊಸೆ ಗೊತ್ತಿಲ್ಲದೆ ಹೊಲಿದಳು. ದೊಡ್ಡವನು ಗೊತ್ತಿಲ್ಲದೆ ಹಾಕ್ಕೊಂಡ. ಕೇಳಿಸ್ತಾ ಎಲ್ಲರಿಗೂ? ಇನ್ನೊಂದು ಸಲ ಹೇಳಲ್ಲ.”



“ಚಿಕ್ಕವನೆಲ್ಲಿ?” ಅಂದ ಭೀಮ.

“ಅವನನ್ನ ಯಾಕೆ ಕೇಳ್ತೀಯ? ಒಂದು ಕೋಟಿಗೆ ಒಂದು ಕೈ ಅಂತ ತಾನೇ ನಿಮ್ಮ ಲೆಕ್ಕ? ಆ ಕೋಟಿನ ಕೈಯನ್ನ ನನ್ನ ಮನೆಯಿಂದ ನೀವು ತಗೊಂಡಾಗಿದೆ. ತಪ್ಪಿಲ್ಲದ ಮಗನಿಂದ ತಗೊಂಡ್ರಿ, ಅದು ನಿಮ್ಮ ಕಣ್ಣಿನ ತಪ್ಪು. ಇನ್ನೊಂದು ಕೈ ಕೇಳೋಕೆ ನನ್ನ ಬಾಗಿಲಿಗೆ ಬಂದ್ರೆ ಮೊದಲು ಇದನ್ನ ತಗೊಳ್ಳಿ.” ಅವಳು ತನ್ನ ಬಲಗೈಯನ್ನು ಅದೇ ಕಲ್ಲಿನ ಮೇಲೆ ಚಾಚಿ ಕುಕ್ಕರಗಾಲಲ್ಲಿ ಕೂತಳು. “ಹಲಗೆ ತಾರಪ್ಪ. ನಿನಗೆ ಹಾಲು ಕುಡಿಸಿಲ್ಲ ನಾನು, ಸಂಕೋಚ ಪಡಬೇಡ.”

ಭೀಮ ಬೇರೆ ಕಡೆ ನೋಡಿದ. ಕೊನೆಗೆ ಬೋಳಣ್ಣನೇ ಅವಳ ರಟ್ಟೆ ಹಿಡಿದು ಎಬ್ಬಿಸಿದ.

ಮನೆಗೆ ವಾಪಸ್ಸು ಬಂದಾಗ ಒಳಗಿನ ಕೋಣೆ ಖಾಲಿಯಾಗಿತ್ತು. ಕಿರಿಸೊಸೆಯ ಬ್ಲೇಡು ಗೋಡೆಯ ಬಿರುಕಲ್ಲಿ ಸಿಕ್ಕಿಸಿದ ಹಾಗೇ ಇತ್ತು. ದೊಡ್ಡವನು ಎದ್ದು ಕೂತ.

“ಎಲ್ಲಿಗೆ ಹೋಗಿದ್ದೆ?”

“ಗೇಟಿಗೆ. ಇದ್ದದ್ದು ಹೇಳಿ ಬಂದೆ.”

ಅವನ ಮುಖ ಕೆಂಪೇರಿತು. ಪಕ್ಕದಲ್ಲಿದ್ದ ಗಂಜಿಯ ಬಟ್ಟಲನ್ನು ಎಡಗೈಯಿಂದ ಗೋಡೆಗೆ ಬೀಸಿ ಒಡೆದ. “ಯಾರು ಕೇಳಿದ್ರು ನಿನ್ನ? ಹೇಳೋದಾಗಿದ್ರೆ ನಿನ್ನೆ ಬೋಳಣ್ಣ ಬಾಗಿಲಲ್ಲಿದ್ದಾಗ ನಾನೇ ಹೇಳ್ತಿರ್ಲಿಲ್ವಾ? ಅವನು ಗೋಡೆ ಹತ್ತಿರಾನೇ ನಿಂತಿದ್ದ! ಕೈ ತೋರ್ಸಿದ್ರೆ ಸಾಕಿತ್ತು!”

“ಗೊತ್ತು,” ಅಂದಳು ಮುದುಕಿ. ಗಂಜಿ ಒರೆಸಲು ಬಟ್ಟೆ ಹುಡುಕಿದಳು.

ಮುಷ್ಕರ ಮುಂದುವರಿಯಿತು. ಚಿಕ್ಕವನು ಹೆಂಡತಿಯ ತವರಿನ ಓಣಿಯಿಂದ ಈಗ ಯಾವ ಮುಚ್ಚುಮರೆ ಇಲ್ಲದೆ ವ್ಯಾನು ಹತ್ತುತ್ತಿದ್ದಾನೆ ಅಂತ ಸುದ್ದಿ ಬಂತು. ಹೆಣ್ಣುಕೂಸು ಹುಟ್ಟಿತು ಅಂತಲೂ ಬಂತು. ಹಿರಿಸೊಸೆ ಕೇಳಿಸಿಕೊಂಡು ಮಷಿನ್ನು ಜೋರಾಗಿ ತುಳಿದಳು.

ದೊಡ್ಡವನ ತುಟಿಯ ಊತ ಇಳಿದ ಮೇಲೆ ಬೋಳಣ್ಣ, ಭೀಮ ಇಬ್ಬರೂ ಮನೆಗೆ ಬಂದರು. ಈ ಸಲ ಒಳಗೆ ಬಂದು ಚಾಪೆಯ ಮೇಲೆ ಕೂತರು. ಭೀಮ ತಲೆ ತಗ್ಗಿಸಿ, “ತಪ್ಪಾಯ್ತು ಕಣೋ,” ಅಂದ. ಮುದುಕಿ ಚಹಾ ಕೊಟ್ಟಳು. ಹಿರಿಸೊಸೆ ಬಂದವರ ಕಡೆ ತಿರುಗಲಿಲ್ಲ.

“ನಾಳೆ ಗೇಟಿಗೆ ಬಾ,” ಅಂದ ಬೋಳಣ್ಣ. “ಎಲ್ಲರ ಮುಂದೆ ನಿನ್ನ ನಿಲ್ಲಿಸ್ತೀನಿ. ನಿನ್ನ ಹೆಸರು ನಿನಗೆ ವಾಪಸ್ಸು.”

ಮಾರನೇ ದಿನ ದೊಡ್ಡವನು ಹೋದ. ಜನ ಚಪ್ಪಾಳೆ ತಟ್ಟಿದರು, ಬೀಡಿ ಕೊಟ್ಟರು, ಒಬ್ಬ ಅತ್ತ. ಅಷ್ಟರಲ್ಲಿ ವ್ಯಾನಿನ ಸದ್ದಾಯಿತು. ಎಲ್ಲರೂ ಬಗ್ಗಿ ಕಲ್ಲು ಎತ್ತಿಕೊಂಡರು. ಭೀಮ ಒಂದು ಒಳ್ಳೆಯ ಕಲ್ಲು ಆರಿಸಿ ಅವನ ಎಡಗೈಗೆ ಇಟ್ಟ.

“ಮೊದಲ ಕಲ್ಲು ನಿಂದೇ.”

ಒಡೆದ ಕಿಟಕಿಗೆ ರಟ್ಟು ಕಟ್ಟಿದ್ದರು. ತಿರುವಿನಲ್ಲಿ ರಟ್ಟು ಜಾರಿತು. ಒಳಗೆ ಚಿಕ್ಕವನು ಕೂತಿದ್ದ. ಕಟ್ಟು ಬಿಚ್ಚಿದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದ, ಮೊಣಕೈವರೆಗೆ ಗಾಯದ ಗೆರೆ ಕಾಣುತ್ತಿತ್ತು. ಕೈ ಸ್ವಲ್ಪ ಇಳಿಸಿ ನೋಡಿದ. ಅಣ್ಣನನ್ನು ಕಂಡ. ಆಮೇಲೆ ಕೈಯನ್ನು ಪೂರ್ತಿ ಇಳಿಸಿಬಿಟ್ಟ.

“ಎಸಿಯೋ!”

ಗುಂಪಿನ ಕಣ್ಣೆಲ್ಲ ದೊಡ್ಡವನ ಎಡಗೈ ಮೇಲಿತ್ತು. ವ್ಯಾನು ಅವನ ಮುಂದೆ ಒಂದು ಮಾರು ದೂರದಲ್ಲಿ ಹಾದು ಗೇಟಿನೊಳಗೆ ಹೋಯಿತು. ಬೇರೆ ಯಾರೂ ಎಸೆಯಲಿಲ್ಲ, ಮೊದಲ ಕಲ್ಲಿಗೆ ಕಾದಿದ್ದರು. ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು.

“ಥೂ,” ಅಂದ ಭೀಮ. ಬಾಯಲ್ಲಿದ್ದ ಬೀಡಿ ದೊಡ್ಡವನ ಕಾಲ ಬುಡಕ್ಕೆ ಉಗಿದ. ಬೋಳಣ್ಣ ಬೆನ್ನು ತಿರುಗಿಸಿದ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಹಿಂದಿನಿಂದ ಒಂದು ಕಲ್ಲು ಬಂದು ಅವನ ಭುಜಕ್ಕೆ ಬಡಿಯಿತು, ಇನ್ನೊಂದು ಬೆನ್ನಿಗೆ. ಅವನು ಓಡಲಿಲ್ಲ. ನಡೆದುಕೊಂಡೇ ಮನೆಗೆ ಬಂದ.

ಹಿರಿಸೊಸೆ ನೆಲದ ಮೇಲೆ ಪರದೆಯೊಂದನ್ನು ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಕಿಟಕಿಯ ಗಾಳಿಗೆ ಬಟ್ಟೆ ಮೇಲೇಳುತ್ತಿತ್ತು. ಗಂಡನ ಅಂಗಿಯ ಭುಜದ ಮೇಲಿನ ರಕ್ತ ನೋಡಿದಳು, ಕೈಯಲ್ಲಿದ್ದ ಕಲ್ಲು ನೋಡಿದಳು.

“ಎಸೀಲಿಲ್ವಾ?”

“ಇಲ್ಲ.”

“ಅವನಿದ್ನಾ ಒಳಗೆ?”

“ಇದ್ದ.”

 ಮುದುಕಿ ಒಲೆಯ ಮುಂದೆ ಊದುಕೊಳವೆ ಹಿಡಿದವಳು ಊದುವುದನ್ನು ನಿಲ್ಲಿಸಿದ್ದಳು. ದೊಡ್ಡವನು ಬಗ್ಗಿ ಆ ಕಲ್ಲನ್ನು ಹಾರುತ್ತಿದ್ದ ಬಟ್ಟೆಯ ಮೂಲೆಯ ಮೇಲೆ ಇಟ್ಟ. ಆ ಮೂಲೆ ನಿಂತಿತು, ಉಳಿದ ಮೂರು ಹಾರುತ್ತಲೇ ಇದ್ದವು.

“ಒಂದು ಸಾಲದು,” ಅಂದಳು ಹಿರಿಸೊಸೆ, ಕತ್ತರಿ ಎತ್ತಿಕೊಳ್ಳುತ್ತ. “ನಾಳೆ ಇನ್ನೂ ಮೂರು ತನ್ನಿ.”